ಎಡಗೈಯ ಹೆಬ್ಬೆರಳು

ಮನುಷ್ಯಕುಲದ ಏಳುಬೀಳುಗಳನ್ನು ಕುರಿತು ದೊಡ್ಡವರು ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. ಎಡಗೈಯ ಹೆಬ್ಬೆರಳಿಗೆ ಅವುಗಳಲ್ಲಿ ಒಂದು ಅಧ್ಯಾಯವಿರಲಿ, ಒಂದು ಅಡಿಟಿಪ್ಪಣಿ ಕೂಡ ಸಿಕ್ಕಿಲ್ಲ. ಈ ಲೋಪವನ್ನು ಇನ್ನು ಸಹಿಸುವಂತಿಲ್ಲ. ಏಕೆಂದರೆ ತೊಂಬತ್ತಾರನೇ ಇಸವಿಯ ಸೆಪ್ಟೆಂಬರಿನ ಒಂದು ಭಾನುವಾರ, ಹಾನುಬಾಳಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ, ಒಂದು ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಬಾಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿದ್ದು ಆ ಹೆಬ್ಬೆರಳೇ.

ಹೆಬ್ಬೆರಳಿನ ಒಡೆಯ ತೋಟಪ್ಪ, ಕ್ಯಾಸ್ಮಿರ್ ದಣಿಗಳ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ಸಣ್ಣ ರೈಟರು. ಹುಟ್ಟು ಎಡಚ. ಅನ್ನಕ್ಕೆ ಎಡಗೈ ಹಾಕಿ ಅಜ್ಜಿಯಿಂದ, ಬಳಪಕ್ಕೆ ಎಡಗೈ ಹಾಕಿ ಮೇಷ್ಟರಿಂದ, ಮಂಗಳಾರತಿಗೆ ಎಡಗೈ ಚಾಚಿ ಮಠದ ಅಯ್ಯನವರಿಂದ ಏಟು ತಿಂದು ಬೆಳೆದವನು. ಈ ಲೋಕ ಬಲಗೈಯವರು ಬಲಗೈಯವರಿಗಾಗಿ ಕಟ್ಟಿಕೊಂಡ ಛತ್ರ ಎಂಬುದು ಅವನಿಗೆ ಬೇಗ ತಿಳಿಯಿತು. ಕತ್ತರಿ ಅವರದು, ಕುಡುಗೋಲು ಅವರದು, ಅಂಗಿಯ ಜೇಬು ಕೂಡ ಬಲಗೈಗೆ ಸಿಗಲೆಂದೇ ಎಡಗಡೆ ಹೋಗಿ ಕೂತಿದೆ. ಮದುವೆಯಲ್ಲಿ ತಾಳಿಗೆ ಎಡಗೈ ಮುಂದೆ ಹೋಗಿ ಮಂಟಪಕ್ಕೆ ಮಂಟಪವೇ "ಏಯ್ ಏಯ್" ಎಂದು ಕೂಗಿದಾಗ, ಬಾಸಿಂಗದ ಕೆಳಗೆ ನೇತ್ರಾವತಿ ಒಬ್ಬಳು ಮಾತ್ರ ಕಿಸಕ್ಕನೆ ನಕ್ಕಿದ್ದಳು. ಅವತ್ತಿನಿಂದ ತೋಟಪ್ಪ ಆ ನಗುವಿಗೆ ಆಳಾಗಿಬಿಟ್ಟಿದ್ದ.

ಆದರೆ ನೇತ್ರಾವತಿ ಆಲೂರಿನಲ್ಲಿ ಟೀಚರು. ಅವಳು ಅಲ್ಲಿ, ಇವನು ಇಲ್ಲಿ. ನಡುವೆ ಭಾನುವಾರದ ಬಸ್ಸು. ವಾರವಿಡೀ ತೋಟಪ್ಪ ಹಾಜರಿ ಕೂಗುತ್ತಾ, ಕಾಫಿ ಗಿಡಗಳ ಮೇಲೆ ಮಂಜು ತೇಲುವುದನ್ನು ನೋಡುತ್ತಾ, ಆಲೂರಿನ ಹುಣಸೆಮರದ ಪಕ್ಕದ ಎರಡು ಕೋಣೆಯ ಮನೆಯೊಂದರಲ್ಲಿ ಸಂಸಾರ ಹೂಡುತ್ತಿದ್ದ. ಮನೆಯನ್ನು ನೇತ್ರಾವತಿ ಆಗಲೇ ನೋಡಿಟ್ಟಿದ್ದಳು. ಸಂಜೆ ಇಬ್ಬರೂ ಪೇಟೆಗೆ ನಡೆದು ಹೋಗುವುದು; ಅವಳ ಬಲಗೈ ಹಿಡಿಯಲು ಇವನ ಎಡಗೈ. ಎಡಗೈಗೆ ಅಂಥದೊಂದು ಗೌರವದ ಕೆಲಸ ಇನ್ನೆಲ್ಲಿ ಸಿಕ್ಕೀತು?

ಆಲೂರಿನ ಮಗ್ಗುಲಲ್ಲಿ ದಣಿಗಳಿಗೆ ಇನ್ನೊಂದು ತೋಟವಿತ್ತು. ಅಲ್ಲಿನ ರೈಟರು ವಯಸ್ಸಾಯಿತೆಂದು ಬಿಟ್ಟುಹೋಗಿದ್ದರು. ತೋಟಪ್ಪ ಧೈರ್ಯ ಮಾಡಿ ಆ ಜಾಗ ಕೇಳಿದ. ದಣಿ ನಕ್ಕರು.

"ಆದಿತ್ಯವಾರ ಬಂಗ್ಲೆಗೆ ಬಾ ಮಾರಾಯ. ನೀನು ಇನ್ನೂ ನನ್ನ ಜೊತೆ ಆಡಲೇ ಇಲ್ಲ ಅಲ್ವಾ? ಆಡುತ್ತಾ ಮಾತಾಡುವ."

ಆಟ ಎಂದರೆ ವಿಡಿಯೋ ಗೇಮು. ದಣಿಗಳ ಹೆಂಡತಿ ಸುಸಾನಮ್ಮನ ತಮ್ಮ ಕುವೈತಿನಿಂದ ಅಕ್ಕನ ಮಗ ಎಲ್ರಾಯ್‌ಗೆಂದು ತಂದದ್ದು. ಜೂನಿನಲ್ಲಿ ಅದು ಬರುವ ಹೊತ್ತಿಗೆ ಎಲ್ರಾಯ್ ಮಂಗಳೂರಿನ ಹಾಸ್ಟೆಲಿಗೆ ಹೊರಟುಹೋಗಿದ್ದ. ಕ್ರಿಸ್ಮಸ್ ರಜೆಯವರೆಗೆ ಯಂತ್ರ ಕೆಡದಿರಲಿ ಎಂದು ಅಪ್ಪ ದಿನಾ ಆಡಿ ನೋಡುತ್ತಿದ್ದರು. ಬೂಷ್ಟು ಹಿಡಿಯದಿರಲಿ ಎಂದು ಅಮ್ಮ ಅದಕ್ಕೆ ಅಂಗಿ ಹೊಲಿದರು.

ಸುಸಾನಮ್ಮ ಅಂಗಿ ಹೊಲಿಯದ ವಸ್ತುವೇ ಆ ಬಂಗಲೆಯಲ್ಲಿರಲಿಲ್ಲ. ಟೀವಿಗೆ ಜರಿಯಂಚಿನ ಅಂಗಿ, ಮಿಕ್ಸಿಗೆ ಹೂವಿನದು, ಫೋನಿಗೆ ಮಖಮಲ್ಲಿನದು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಹಾಗಿರುವಾಗ ಆಟದ ರಿಮೋಟುಗಳು ಬರಿಮೈಯಲ್ಲಿ ಕೂರುವುದುಂಟೆ? ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಟೀವಿಯಲ್ಲಿ ಟೆನಿಸ್ ಆಡುವ ಇಬ್ಬರು ಗಿಡ್ಡರ ಅಂಗಿಯ ಬಣ್ಣವೂ ಅದೇ. ಬೆರಳು ಆಡುವಲ್ಲಿ ತೂತು ಬಿಟ್ಟು ಅಂದವಾಗಿ ಕಾಜಾ ಹೊಲಿದಿದ್ದರು. ಎಡಗಡೆ ಕೂಡಿಸುವ ಗುರುತಿನಂಥ ಗುಂಡಿಗೆ ಒಂದು, ಬಲಗಡೆಯ ಎರಡು ದುಂಡು ಗುಂಡಿಗಳಿಗೆ ಎರಡು. ಕೆಂಪು ರಿಮೋಟಿನ ನಡುವೆ ಹುಣಸೆಬೀಜದಂಥ ಇನ್ನೆರಡು ಉಬ್ಬುಗಳಿದ್ದವು. ನೀಲಿಯದರಲ್ಲಿ ಅವು ಇರಲೇ ಇಲ್ಲ. ಒಂದರಲ್ಲಿದ್ದು ಒಂದರಲ್ಲಿ ಇಲ್ಲದ್ದು ಅಲಂಕಾರವಲ್ಲದೆ ಇನ್ನೇನು ಎಂದು ಸುಸಾನಮ್ಮ ಅವುಗಳ ಮೇಲೆ ಬಟ್ಟೆ ಎಳೆದು ಹೊಲಿದುಬಿಟ್ಟರು. ಟೀವಿಯಲ್ಲಿ ಮಿಣುಕುವ ಅಕ್ಷರಗಳೂ ಡಬ್ಬಿಯೊಳಗಿನ ಪುಸ್ತಕವೂ ಜಪಾನಿಯೋ ಚೀನಿಯೋ ಆಗಿದ್ದುದರಿಂದ ಅವರಿಗೆ ಎದುರು ಹೇಳುವವರಿರಲಿಲ್ಲ.

ಇನ್ನು ವೈರು. ಅದನ್ನು ಯಂತ್ರಕ್ಕೇ ಬೆಸೆದಿದ್ದರು. ಅದೂ ಬಹಳ ಗಿಡ್ಡ. ಸೋಫಾದವರೆಗೆ ಎಟುಕದು. ಆದ್ದರಿಂದ ಆಡುವವರು ಟೀವಿಯ ಕಾಲಬುಡದಲ್ಲಿ ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕು. ದಣಿಯೂ ರೈಟರೂ ಒಂದೇ ಚಾಪೆ! ಎಷ್ಟೋ ಸುಧಾರಕರ ಕೈಲಿ ಆಗದ್ದನ್ನು ಸಮುದ್ರದಾಚೆಯ ಯಾರೋ ಜುಗ್ಗ ಎರಡು ಮೊಳ ವೈರು ಉಳಿಸಿ ಮಾಡಿಬಿಟ್ಟಿದ್ದ.

ಈ ಆಟದಲ್ಲಿ ದಣಿ ಸೋತದ್ದೇ ಇಲ್ಲ. ಕೆಂಪು ಯಾವಾಗಲೂ ಅವರದು. ಕೊನೆಯ ಏಟಿಗೆ ಕೆಂಪಂಗಿಯವನು ಹಿಂದಕ್ಕೆ ಬಾಗಿ, ನೆಗೆದು, ತಲೆಯ ಮೇಲಿಂದ ಚೆಂಡನ್ನು ಚಚ್ಚುತ್ತಿದ್ದ. "ಅದು ನನ್ನ ಏಟು!" ಎಂದು ದಣಿ ಪ್ರತಿಸಲವೂ ಹೇಳುತ್ತಿದ್ದರು. ಮೇಸ್ತ್ರಿ, ಡ್ರೈವರು, ಕಾಫಿ ಕೊಳ್ಳಲು ಸಕಲೇಶಪುರದಿಂದ ಬರುವ ವ್ಯಾಪಾರಿ, ಎಲ್ಲರೂ ಸೋತು, ಸೋಲಿಗೆ ತಕ್ಕ ಪ್ರಸಾದ ಪಡೆದು ಹೋಗುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ದೊಡ್ಡ ರೈಟರು ಪರಮಶಿವಯ್ಯ ತೋಟಪ್ಪನ ಜಗಲಿಗೆ ಬಂದು ಕೂತರು. ತೋಟಪ್ಪನನ್ನು ಬಿಟ್ಟರೆ ಆಲೂರಿಗೆ ಹಾಕಲು ಇರುವವರು ತಾವೊಬ್ಬರೇ ಎಂಬ ಭಯ ಅವರಿಗೆ. ಹಾನುಬಾಳಿನಲ್ಲಿ ಅವರಿಗೆ ಎರಡು ತುಂಡು ಗದ್ದೆ, ಒಂದು ಗಬ್ಬದ ಹಸು, ಹೊಸ ಹೆಂಚಿನ ಮನೆ.

"ಸೋಲೋದು ಅಂದ್ರೆ ಸುಮ್ಕಲ್ಲ ಕಣಯ್ಯ," ಅಂದರು. "ದಬಕ್ಕನೆ ಸೋತ್ರೆ ದಣಿಗೆ ಅನ್ಮಾನ ಬತ್ತದೆ. ಮೊದ್ಲು ಒಂದೆರಡು ಏಟು ಹೊಡ್ದಂಗೆ ಮಾಡ್ಬೇಕು. ಆಮೇಲೆ 'ಅಯ್ಯೋ' ಅನ್ಬೇಕು. ಕೊನೆಗೆ ಹಿಂಗೆ ತಲೆ ಅಲ್ಲಾಡಿಸ್ಬೇಕು. ಹಂಗೆ ಸೋತೇ ನಾನು ಹೆಂಚು ಹಾಕ್ಸ್ಕಂಡಿದ್ದು."

"ನಂಗೆ ಆಟಾನೇ ಬರಲ್ಲ ರೈಟ್ರೇ. ತಾನಾಗೇ ಸೋಲ್ತೀನಿ ಬುಡಿ."

"ಅಲ್ಲೇ ಇರೋದು ಅಪಾಯ! ಆಳು ಓಡ್ಸೋ ಗುಂಡಿ ಐತಲ್ಲ, ಅದು ಇರೋದು ಎಡಗೈಗೆ. ನಮ್ಮಂತೋರ ಎಡಗೈ ಓಡಲ್ಲ, ಸೋಲ್ತೀವಿ. ನೀನು ಎಡಚ. ಅಪ್ಪಿತಪ್ಪಿ ಗೆದ್ದುಬುಟ್ರೆ?"

ತೋಟಪ್ಪ ಹೆದರುವ ಬದಲು ಬೆರಗಾದ. ಓಡಿಸುವ ಕೆಲಸ ಎಡಗೈಗೆ ಕೊಟ್ಟಿದ್ದಾರೆಯೆ? ಎಲ್ಲೋ ದೂರದ ಊರಿನಲ್ಲಿ ಯಾರೋ ಪುಣ್ಯಾತ್ಮ ಕೂತು, ಬಲಗೈಗೆ ಬರೀ ಚಚ್ಚುವ ಕೂಲಿ ಸಾಕು, ದಾರಿ ತೋರಿಸುವುದು ಎಡಗೈಯೇ ಇರಲಿ ಎಂದು ಯೋಚಿಸಿದ್ದಾನೆಯೆ? ತೋಟಪ್ಪನಿಗೆ ಆ ಮನುಷ್ಯನ ಕೈ ಮುಟ್ಟಬೇಕೆನಿಸಿತು. ಎಡಗೈ.

"ಕಣ್ಣು ಬುಟ್ಕಂಡೇ ನಿದ್ದೆ ಹೋದ ನೋಡು," ಅಂದರು ಪರಮಶಿವಯ್ಯ.

ಪಕ್ಕದ ಕೂಲಿ ಲೈನಿನ ಕೆಂಚಮ್ಮ ಅಂಗಳದ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅದ್ಕೆ ಇಷ್ಟೊಂದು ಪಂಚಾಯ್ತಿ ಯಾಕ್ರಪ್ಪ? ಆ ಕೈಗೆ ಬಟ್ಟೆ ಸುತ್ತಿ ಕಳ್ಸಿ. ಗಾಯ ಆಗೈತೆ ಅನ್ಲಿ."

ತೋಟಪ್ಪ ಹೂಂ ಅನ್ನುವ ಮೊದಲೇ ಅವಳು ಅರಿಸಿನ ಕಲಸಿ ತಂದು, ಹಳೆಯ ಪಂಚೆಯ ಅಂಚು ಹರಿದು, ಹೆಬ್ಬೆರಳು ಬಾಳೆಮೂತಿಯಷ್ಟು ದಪ್ಪವಾಗುವವರೆಗೆ ಸುತ್ತಿದಳು. ಪರಮಶಿವಯ್ಯ ಕೆಲಸ ಸರಿಯಾಗಿದೆಯೇ ಎಂದು ಒತ್ತಿ ನೋಡಿದರು. ಜೊತೆಗೆ ತಾವೂ ಹೊರಟರು. ಸೋಲನ್ನು ಕಣ್ಣಾರೆ ನೋಡದೆ ಅವರಿಗೆ ನೆಮ್ಮದಿಯಿಲ್ಲ.

ಮಂಜು ಸರಿದು ತೋಟದ ತುಂಬ ತೆಳುಬಿಸಿಲು ಇಳಿಯುವ ಹೊತ್ತಿಗೆ ಬಂಗಲೆ ತಲುಪಿದರು. ದಣಿಗಳು ಸಕಲೇಶಪುರದ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಆಗತಾನೇ ಬಂದಿದ್ದರು.

"ಅಯ್ಯೋ ದೇವರೇ, ಕೈಗೆ ಎಂತಾಯ್ತು ತೋಟಪ್ಪ?" ಎಂದರು ಸುಸಾನಮ್ಮ.

"ಕತ್ತಿ ತಾಗ್ತು ಅಮ್ಮ."

ಈ ಒಂದು ಸುಳ್ಳು ಆ ದಿನವನ್ನು ತಲೆಕೆಳಗು ಮಾಡಿತು. ಚಾಪೆಯ ಮೇಲೆ ಕೂತಿದ್ದ ದಣಿ ಬಟ್ಟೆಯನ್ನು ನೋಡಿದರು, ತಮ್ಮ ಕೈಯ ಕೆಂಪು ರಿಮೋಟನ್ನು ನೋಡಿದರು. ಪೂಜೆಯಲ್ಲಿ ಕೇಳಿದ ಪಾದ್ರಿಗಳ ಪ್ರಸಂಗದ ಕಾವು ಇನ್ನೂ ಎದೆಯಲ್ಲಿತ್ತೇನೋ.

"ಗಾಯದ ಮನುಷ್ಯನನ್ನು ಕೆಂಪು ಹಿಡಿದು ಸೋಲಿಸಿದರೆ ಅದೊಂದು ಗೆಲುವಾ? ತಗೋ, ಕೆಂಪು ನೀನೇ ಆಡು. ನಾನು ಇವತ್ತು ನೀಲಿಯಲ್ಲಿ ಗೆಲ್ತೇನೆ."

ಪರಮಶಿವಯ್ಯನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ದಣಿ ಕೆಂಪನ್ನು ಬಿಟ್ಟುಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಕೆಂಪು ಸೋತದ್ದನ್ನಂತೂ ಯಾರೂ ಕಂಡಿರಲಿಲ್ಲ.

ಟೀವಿ ಹತ್ತಿತು. ಹಸಿರು ಅಂಗಳ, ನಡುವೆ ಬಲೆ, ಮೇಲೊಬ್ಬ ನೀಲಿ, ಕೆಳಗೊಬ್ಬ ಕೆಂಪು. ತೋಟಪ್ಪ ಬಾಳೆಮೂತಿಯಿಂದ ಗುಂಡಿಯನ್ನು ತಿವಿದ. ಒಂದೆರಡು ಏಟು ಹೊಡೆದಂತೆ ಮಾಡಿದ. "ಅಯ್ಯೋ" ಅಂದ. ಇನ್ನೂ ಸೋತಿರಲಿಲ್ಲವಾದ್ದರಿಂದ ಮತ್ತೊಮ್ಮೆ "ಅಯ್ಯೋ" ಅಂದ. ಕೆಂಪಂಗಿಯವನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಓಡಿ, ಹಿಂದಕ್ಕೆ ಬಾಗಿ, ನೆಗೆದು, ಚಚ್ಚಿದ.

"ಅದು ನನ್ನ ಏ..." ಎಂದು ರೂಢಿಬಲದಿಂದ ಶುರುಮಾಡಿದ ದಣಿ, ಆ ಏಟು ತಮಗೇ ಬಿದ್ದಿದೆ ಎಂದು ತಿಳಿದು ನಿಲ್ಲಿಸಿದರು.

"ಕೈಗೆ ಗಾಯ ಆಗಿಯೂ ಎಷ್ಟು ಚಂದ ಆಡ್ತಾರೆ!" ಎಂದರು ಸುಸಾನಮ್ಮ, ಅವಲಕ್ಕಿಯ ತಟ್ಟೆ ಇಡುತ್ತಾ. "ತಿನ್ನಿ ತೋಟಪ್ಪ, ನಿಮಗೆ ಅಂತ ಮೀನು ತಾಗದ ಬೇರೆ ಪಾತ್ರೆಯಲ್ಲಿ ಮಾಡಿದ್ದು."

"ಇನ್ನೊಂದು ಆಟ," ಅಂದರು ದಣಿ.

ಎರಡನೇ ಆಟಕ್ಕೆ ತೋಟಪ್ಪ ರಿಮೋಟನ್ನು ತಲೆಕೆಳಗಾಗಿ ಹಿಡಿದ. ಗೆದ್ದ. ಹಿಂದಿನಿಂದ ಪರಮಶಿವಯ್ಯ ಸೊಂಟಕ್ಕೆ ತಿವಿದು ಪಿಸುಗುಟ್ಟಿದರು: "ಲೋ, ಸೋಲೋ! ಸೋಲೋಕ್ಕೂ ಬರಲ್ವೇನೋ ನಿಂಗೆ?"

"ನಾನೇನೂ ಮಾಡ್ತಿಲ್ಲ ರೈಟ್ರೇ!"

"ಏನೂ ಮಾಡ್ದೆ ಗೆಲ್ತೀಯೇನೋ?"

ದಣಿಗಳ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ತೋಟಪ್ಪ ಅಳುಕುತ್ತಾ, "ದಣಿ, ಆ ಆಲೂರಿನ ವಿಷ್ಯ..." ಅಂದ.

"ಆಟದ ನಡುವೆ ಆಲೂರು ಎಂತಕ್ಕೆ?"

ಇನ್ನು ಕರೆಂಟೊಂದೇ ದಿಕ್ಕು. ಗಾಳಿ ಬೀಸಿದರೆ ಹೋಗುವ, ಬೀಸದಿದ್ದರೂ ಹೋಗುವ ಹಾನುಬಾಳಿನ ಕರೆಂಟು ಅವತ್ತು ಸತ್ಯಹರಿಶ್ಚಂದ್ರನಂತೆ ನಿಂತಿತ್ತು.

ಮೂರನೇ ಆಟದ ನಡುವೆ ಕಾಲಿನ ಮೀನಖಂಡ ತುರಿಸಿತು. ತೋಟಪ್ಪ ಪ್ಯಾಂಟು ಎತ್ತಿ ನೋಡಿದರೆ ಒಂದು ಜಿಗಣೆ ಹೊಟ್ಟೆ ಉಬ್ಬಿಸಿಕೊಂಡು ಸುಖವಾಗಿ ಮಲಗಿತ್ತು. ಅವನು ರಿಮೋಟನ್ನು ಚಾಪೆಯ ಮೇಲಿಟ್ಟು ಎರಡೂ ಕೈಯಿಂದ ಅದನ್ನು ಕೀಳತೊಡಗಿದ. ಅಡಿಗೆಯ ಡೆಲ್ಸಿ ಉಪ್ಪು ತರಲು ಓಡಿದಳು. ಸುಸಾನಮ್ಮ "ರಕ್ತ, ರಕ್ತ" ಎಂದರು. ಈ ಗಲಾಟೆಯಲ್ಲಿ ಟೀವಿ ನೋಡುತ್ತಿದ್ದವರು ಇಬ್ಬರೇ: ನಾಲಿಗೆ ಕಚ್ಚಿಕೊಂಡು, ನೀಲಿ ರಿಮೋಟನ್ನು ಸೂರಿನ ಕಡೆಗೆ ಎತ್ತಿ ಎತ್ತಿ ಒತ್ತುತ್ತಿದ್ದ ದಣಿ, ಮತ್ತು ಜಿಗಣೆ ಹಿಡಿದುಕೊಂಡೇ ತಲೆಯೆತ್ತಿದ ತೋಟಪ್ಪ.

ಕೆಂಪಂಗಿಯವನು ತನ್ನ ಪಾಡಿಗೆ ತಾನು ಓಡುತ್ತಿದ್ದ. ನೀಲಿಯವನು ಹೋದ ಸಲ ಜಾರಿದ ಮೂಲೆಯಲ್ಲೇ ಜಾರಿದ. ಅದರ ಹಿಂದಿನ ಸಲವೂ ಅಲ್ಲೇ ಜಾರಿದ್ದ. ಕೆಂಪು ಬಾಗಿತು, ನೆಗೆಯಿತು, ಚಚ್ಚಿತು. ಚಾಪೆಯ ಮೇಲೆ ರಿಮೋಟು ಮುಟ್ಟುವವರಿಲ್ಲದೆ ಬಿದ್ದಿತ್ತು.

ತೋಟಪ್ಪನಿಗೆ ಮೈಯೆಲ್ಲ ಹಗುರಾಯಿತು. ಆಡುವವರು ನಾವಲ್ಲ, ಆಡಿಸುವವನು ಬೇರೆ ಎಂದು ಮಠದಲ್ಲಿ ಎಷ್ಟೋ ಸಲ ಕೇಳಿದ್ದ. ಅದು ಇಷ್ಟು ಸ್ಪಷ್ಟವಾಗಿ, ಬಣ್ಣದ ಟೀವಿಯಲ್ಲಿ ಕಾಣುತ್ತದೆ ಎಂದುಕೊಂಡಿರಲಿಲ್ಲ. ಯಂತ್ರ ತಾನೇ ಆಡುತ್ತಿದೆ. ಜೂನಿನಿಂದಲೂ ತಾನೇ ಆಡುತ್ತಿದೆ. ದಣಿ ಇದುವರೆಗೆ ಒಂದು ಚೆಂಡನ್ನೂ ಹೊಡೆದಿಲ್ಲ.

ಇದನ್ನು ಹೇಳುವುದು ಹೇಗೆ? ಪಕ್ಕದಲ್ಲಿ ಆ ದೊಡ್ಡ ಮನುಷ್ಯ ಬೆವರಿ ಕೂತಿದ್ದರು. "ದಣಿ, ಆ ಏಟು ನಿಮ್ಮದಲ್ಲ" ಎಂದು ಹೇಳಿ ಆಲೂರಿಗೆ ಹೋದವರುಂಟೆ?

ಅಷ್ಟರಲ್ಲಿ ಸುಸಾನಮ್ಮ ಅವನ ಎಡಗೈ ಹಿಡಿದರು. "ಬಟ್ಟೆಗೂ ರಕ್ತ ತಾಗಿತು. ತೆಗೀರಿ, ಬೇರೆ ಕಟ್ಟುತ್ತೇನೆ." ಅವನು ಬೇಡ ಅನ್ನುವುದರೊಳಗೆ ಬಿಚ್ಚಿಯೂ ಬಿಟ್ಟರು. ಒಳಗಿನಿಂದ ಹಳದಿ ಬಣ್ಣದ, ಆರೋಗ್ಯವಂತ ಹೆಬ್ಬೆರಳೊಂದು ಹೊರಬಂತು.

"ಗಾಯ ಎಲ್ಲಿ?"

"ಜಿಗಣೆ ಕಾಲಿಗೆ, ಬಟ್ಟೆ ಕೈಗೆ, ಗಾಯ ಎಲ್ಲಿಯೂ ಇಲ್ಲ!" ಎಂದು ಡೆಲ್ಸಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಪರಮಶಿವಯ್ಯ ಮುಂದೆ ಬಾಗಿದರು. "ಕೆಂಚಮ್ಮನ ಅರಿಸಿನ ಅಮ್ಮ. ಒಂದೇ ಗಳಿಗೇಲಿ ವಾಸಿ ಮಾಡ್ಬುಡ್ತದೆ."

"ಹೌದಾ? ಹಾಗಾದರೆ ನನ್ನ ಮಂಡಿಗೂ ಸ್ವಲ್ಪ ತರಿಸಿ ಕೊಡಿ."

"ಕೊನೆಯ ಆಟ," ಎಂದರು ದಣಿ, ಯಾರ ಕಡೆಗೂ ನೋಡದೆ.

ತೋಟಪ್ಪ ಕೆಂಪು ರಿಮೋಟನ್ನು ಎತ್ತಿಕೊಂಡ. ಯೋಚನೆಯಲ್ಲಿ ಬೆರಳಾಡಿಸುತ್ತಿದ್ದಾಗ ಬಟ್ಟೆಯ ಕೆಳಗೆ ಆ ಎರಡು ಹುಣಸೆಬೀಜಗಳು ಸಿಕ್ಕವು. ಒತ್ತಿದರೆ ಒಳಕ್ಕೆ ಹೋದವು. ಅಲಂಕಾರ ಒಳಕ್ಕೆ ಹೋಗುತ್ತದೆಯೆ? ಒಂದನ್ನು ಮತ್ತೆ ಒತ್ತಿದ. ಟೀವಿಯಲ್ಲಿ ಮಿಣುಕುವ ಅಕ್ಷರಗಳ ಪಕ್ಕದ ಬಾಣವೊಂದು ಕೆಳಗಿನ ಸಾಲಿಗೆ ಜಾರಿತು. ಇನ್ನೊಂದನ್ನು ಒತ್ತಿದ. ಒಂದು ಕ್ಷಣ ಎಲ್ಲ ಕಪ್ಪಾಗಿ, ಸಣ್ಣದೊಂದು ರಾಗ ನುಡಿದು, ಅದೇ ಹಸಿರು ಅಂಗಳ ಮೂಡಿತು. ಆದರೆ ಈ ಸಲ ಇಬ್ಬರೂ ಗಿಡ್ಡರು ಓಡಲಿಲ್ಲ. ಅಪ್ಪಣೆಗೆ ಕಾದವರಂತೆ ನಿಂತರು.

"ಎಂತ ಆಯ್ತು?"

"ಏನಿಲ್ಲ ದಣಿ. ಆಟ ಶುರು ಆಯ್ತು," ಅಂದ ತೋಟಪ್ಪ. ಅಂದು ಅವನು ಆಡಿದ ಮೊದಲ ನಿಜ ಅದು.

ಕೆಂಪಂಗಿಯವನು ಬೆದರುಬೊಂಬೆಯಂತೆ ನಿಂತೇ ಇದ್ದ. ಇದಕ್ಕಿಂತ ಸುಲಭ ಇನ್ನೇನಿದೆ? ಸುಮ್ಮನಿದ್ದರೆ ಸಾಕು, ಸೋತ ಹಾಗೆ. ದಣಿ ಎಡಕ್ಕೆ ಒತ್ತಿದರು. ನೀಲಿಯವನು ಎಡಕ್ಕೆ ಹೋದ. "ಅರೆ," ಅಂದರು ದಣಿ. ಬಲಕ್ಕೆ ಒತ್ತಿದರು, ಬಲಕ್ಕೆ ಹೋದ. ಎರಡು ಚೆಂಡು ಬಲೆಗೆ ಹೊಡೆದು ಮೂರನೆಯದನ್ನು ದಾಟಿಸಿದರು. ಚೆಂಡು ಕೆಂಪಿನವನ ಕಿವಿಯ ಪಕ್ಕ ಹಾದುಹೋಯಿತು. ಮತ್ತೊಂದು. ಪರಮಶಿವಯ್ಯನವರ ಉಸಿರು ಸಲೀಸಾಯಿತು.

ತೋಟಪ್ಪ ಕಿಟಕಿಯ ಆಚೆ ನೋಡಿದ. ಬಿಸಿಲಿನಲ್ಲಿ ಬೆಳ್ಳನೆಯ ಹೊಗೆಯಂತೆ ಮಂಜು ಗುಡ್ಡ ಹತ್ತಿ ಹೋಗುತ್ತಿತ್ತು. ಆಲೂರಿನಲ್ಲಿ ಈಗ ನೇತ್ರಾವತಿ ತಲೆಗೆ ಎರೆದುಕೊಂಡು ಹುಣಸೆಮರದ ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿರುತ್ತಾಳೆ. ಮುಂದಿನ ಭಾನುವಾರ ಆ ಮರ ನಮ್ಮದು. ಅವಳ ಬಲಗೈ, ನನ್ನ ಎಡಗೈ.

ಅವನು ಮತ್ತೆ ಟೀವಿಯತ್ತ ತಿರುಗಿದಾಗ ಚೆಂಡೊಂದು ಬಲೆಯ ಮೇಲಿಂದ ಬಹಳ ಮೆಲ್ಲಗೆ, ಹತ್ತಿಯ ಅರಳೆಯ ಹಾಗೆ, ಅವನ ಎಡಕ್ಕೆ ಇಳಿಯುತ್ತಿತ್ತು. ಹೆಬ್ಬೆರಳು ಅಲ್ಲಾಡಿತು. ಅಷ್ಟೇ. ಕೆಂಪಂಗಿಯವನು ಎಡಕ್ಕೆ ಜಾರಿದ.

ಬೈಯುವವರಿಲ್ಲ, ಹೊಡೆಯುವವರಿಲ್ಲ, "ಆ ಕೈ ಅಲ್ಲ, ಈ ಕೈ" ಅನ್ನುವವರಿಲ್ಲ. ಎಡಗೈ ಹೇಳಿತು, ಯಾರೋ ಕೇಳಿದರು. ತೋಟಪ್ಪನ ಜನ್ಮದಲ್ಲಿ ಹೀಗಾದದ್ದು ಇದೇ ಮೊದಲು. ಇನ್ನೊಂದೇ ಸಲ ನೋಡೋಣ ಎಂದು ಮೇಲಕ್ಕೆ ಒತ್ತಿದ, ಮೇಲಕ್ಕೆ ಓಡಿದ. ಓರೆಯಾಗಿ ಒತ್ತಿದ, ಓರೆಯಾಗಿ ತೇಲಿದ. ನೀರಿನ ಮೇಲೆ ತೇಲುವ ಎಲೆಯ ಹಾಗೆ ಆ ಪುಟ್ಟ ಕೆಂಪು ಚುಕ್ಕೆ ಹಸಿರಿನ ಮೇಲೆಲ್ಲ ತಿರುಗಾಡಿತು. ಅಜ್ಜಿ, ಮೇಷ್ಟರು, ಅಯ್ಯನವರು, ಎಲ್ಲರೂ ಬಲೆಯ ಆಚೆ ಸಾಲಾಗಿ ನಿಂತು ಬಾಯಿ ಬಿಟ್ಟು ನೋಡುತ್ತಿದ್ದಂತಿತ್ತು. ಆಲೂರು, ಹುಣಸೆಮರ, ಸೋಲು ಎಲ್ಲ ಎಲ್ಲೋ ದೂರದಲ್ಲಿ ಬಸ್ಸಿನ ದೂಳಿನಂತೆ ಮಸುಕಾದವು. ದಣಿ ಓಡಿಸಿದರು, ಇವನು ಓಡಿದ. ದಣಿ ಕೂಗಿದರು, ಇವನು ನಕ್ಕ. ಕಟ್ಟಕಡೆಗೆ ಚಚ್ಚಲೂ ಇಲ್ಲ. ಚೆಂಡನ್ನು ಬಲೆಯ ಆಚೆ, ಎಡಮೂಲೆಯಲ್ಲಿ, ತೊಟ್ಟಿಲಲ್ಲಿ ಮಗು ಮಲಗಿಸಿದಷ್ಟು ಮೆತ್ತಗೆ ಇಟ್ಟ.

ಡೆಲ್ಸಿ ಚಪ್ಪಾಳೆ ತಟ್ಟಿದಾಗಲೇ ಅವನಿಗೆ ಎಚ್ಚರವಾದದ್ದು. ಗೆದ್ದುಬಿಟ್ಟಿದ್ದ.

ಪರಮಶಿವಯ್ಯ ಕಣ್ಣು ಮುಚ್ಚಿ ಶಿವ ಶಿವ ಅನ್ನುತ್ತಿದ್ದರು. ದಣಿ ನೀಲಿ ರಿಮೋಟನ್ನು ಚಾಪೆಯ ಮೇಲಿಟ್ಟರು. ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಗಹಗಹಿಸಿ ನಕ್ಕು ತೋಟಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

"ಎಂತಹ ಆಟ ಮಾರಾಯ! ಜೂನಿನಿಂದ ಗೆದ್ದದ್ದೇ ಗೆದ್ದದ್ದು, ಒಂದು ದಿನವೂ ಇಷ್ಟು ಖುಷಿ ಆದದ್ದಿಲ್ಲ. ಇವತ್ತು ಆ ನೀಲಿಯವ ನಾನು ಹೇಳಿದ ಹಾಗೆ ಕೇಳಿದ! ನೀನು ಪಕ್ಕದಲ್ಲಿ ಕೂತರೆ ಯಂತ್ರಕ್ಕೂ ಜೀವ ಬರ್ತದೆ ನೋಡು."

ತೋಟಪ್ಪನ ಎದೆಯಲ್ಲಿ ಹುಣಸೆಮರ ಮತ್ತೆ ಚಿಗುರಿತು. "ಹಂಗಾದ್ರೆ ದಣಿ, ಆಲೂರು..."

"ಹೌದು, ಆಲೂರು. ಈ ಬಾಕಿಯವರೆಲ್ಲ ನನ್ನ ಹತ್ರ ಬೇಕಂತಲೇ ಸೋಲೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ದಣಿಗಳ ಕಣ್ಣು ನಿಧಾನವಾಗಿ ಹಿಂದಕ್ಕೆ ತಿರುಗಿ ಪರಮಶಿವಯ್ಯನವರ ಮೇಲೆ ಕೂತಿತು. "ಆಲೂರಿಗೆ ಅವರು ಹೋಗಲಿ. ನಿನ್ನನ್ನು ಕಳಿಸಿದರೆ ನನ್ನಂಥ ಹುಚ್ಚ ಬೇರೆ ಉಂಟಾ? ನೀನು ಇಲ್ಲೇ ಇರು. ಪ್ರತಿ ಆದಿತ್ಯವಾರ ನಾನು ಪೂಜೆ ಮುಗಿಸಿ ಬರುವಾಗ ಚಾಪೆ ಹಾಸಿಕೊಂಡು ತಯಾರಿರಬೇಕು."

"ಆದಿತ್ಯವಾರ ನನ್ ಹೆಂಡ್ತಿ..."

"ಅವರು ಟೀಚರ್ ಅಲ್ವಾ? ಓದಿದವರು. ಅರ್ಥ ಮಾಡಿಕೊಳ್ತಾರೆ."

ಸುಸಾನಮ್ಮ ಆಗಲೇ ಸೂಜಿ ದಾರ ತಂದು, ಕೆಂಪು ಅಂಗಿಯ ನಡುವೆ ತೋಟಪ್ಪನ ಹೆಸರಿನ ಮೊದಲ ಅಕ್ಷರದ ಕಸೂತಿ ಶುರುಮಾಡಿದ್ದರು.

ಪರಮಶಿವಯ್ಯ ಆ ತಿಂಗಳ ಕೊನೆಗೆ ಗಬ್ಬದ ಹಸುವಿನ ಸಮೇತ ಆಲೂರಿಗೆ ಹೋದರು. ಹುಣಸೆಮರದ ಪಕ್ಕದ ಎರಡು ಕೋಣೆಯ ಮನೆ ಖಾಲಿಯಿತ್ತು. ಅದನ್ನು ಅವರು ಹಿಡಿದರು. ತೋಟಪ್ಪ ಹಾನುಬಾಳಿನಲ್ಲೇ ಇದ್ದಾನೆ. ಭಾನುವಾರದ ಬಸ್ಸು ಅವನನ್ನು ಬಿಟ್ಟು ಹೋಗುತ್ತದೆ.